ರಾತ್ರಿ ಯಕ್ಷಗಾನದ ಆಟಕ್ಕೆ, ಬೇಡರ ವೇಷಕ್ಕೆ ಯಾವ ಕ್ಯಾಮರಾ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಕುಮಟಾದವನು. ಆರು ವರ್ಷದಿಂದ ಮದುವೆ, ಉಪನಯನದ ಫೋಟೋ ತೆಗೆಯುತ್ತಿದ್ದೇನೆ. ನನ್ನ ಹತ್ತಿರ ನಿಕಾನ್ ಡಿ5600, ಅದರ ಜೊತೆಗೆ ಬಂದ 18-140 ಲೆನ್ಸ್ ಇದೆ. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಯಕ್ಷಗಾನ, ಜಾತ್ರೆ, ಮದುವೆ ಹಿಂದಿನ ರಾತ್ರಿ ಚಪ್ಪರದ ಫೋಟೋ ತೆಗೆದರೆ ಮರಳು ಚೆಲ್ಲಿದ ಹಾಗೆ ತುಂಬಾ ಗ್ರೇನ್ಸ್ ಬರುತ್ತದೆ, ಎಷ್ಟೋ ಫೋಟೋ ಫೋಕಸ್ಸೇ ಆಗಿರುವುದಿಲ್ಲ. ಎರಡೂವರೆ ಲಕ್ಷ ಒಟ್ಟು ಮಾಡಿದ್ದೇನೆ. ಸೋನಿ ಎ7 ಫೋರ್, ಕ್ಯಾನನ್ ಆರ್6 ಮಾರ್ಕ್ 2, ನಿಕಾನ್ ಝಡ್6 ತ್ರೀ, ಈ ಮೂರರಲ್ಲಿ ಕತ್ತಲಿಗೆ ಯಾವುದು ಒಳ್ಳೆಯದು? ಎ7ಎಸ್ ತ್ರೀ ಕತ್ತಲಿಗಂತಲೇ ಮಾಡಿದ್ದು ಅಂತಾರೆ, ಅದನ್ನೇ ತಗೊಳ್ಳಲಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆ ಇವೆ. ಗ್ರೇನ್ಸ್ ಬರುತ್ತದೆ ಅನ್ನುವುದು ಒಂದು, ಫೋಕಸ್ ತಪ್ಪುತ್ತದೆ ಅನ್ನುವುದು ಇನ್ನೊಂದು. ನೀವು ಮೊದಲನೆಯದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ಇಪ್ಪತ್ತು ವರ್ಷ ರಾತ್ರಿ ಫೋಟೋ ತೆಗೆದ ಮೇಲೆ ನಾನು ಹೇಳುವುದು ಇಷ್ಟೇ: ನಿಮಗೆ ಜಾಸ್ತಿ ನಷ್ಟ ಆಗುತ್ತಿರುವುದು ಎರಡನೆಯದರಿಂದ. ಗ್ರೇನ್ಸ್ ಇರುವ ಫೋಟೋವನ್ನು ಮನೆಗೆ ಬಂದು ಒಂದು ಮಟ್ಟಕ್ಕೆ ಸರಿ ಮಾಡಬಹುದು. ಫೋಕಸ್ ತಪ್ಪಿದ ಫೋಟೋಕ್ಕೆ ಮದ್ದಿಲ್ಲ.

ಆದರೂ ಗ್ರೇನ್ಸ್ ಯಾಕೆ ಬರುತ್ತದೆ ಅಂತ ಮೊದಲು ನೋಡೋಣ. ಅದು ಗೊತ್ತಾದರೆ ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದೂ ಗೊತ್ತಾಗುತ್ತದೆ.

ಜೂನ್ ಮೊದಲ ವಾರ ಮಳೆ ಶುರುವಾಗುವ ಹೊತ್ತಿಗೆ ಮನೆ ಅಂಗಳ ನೋಡಿದ್ದೀರಲ್ಲ. ಮೊದಲ ಹನಿಗಳು ಬಿದ್ದಾಗ ಒಣ ನೆಲದ ಮೇಲೆ ಚುಕ್ಕೆ ಚುಕ್ಕೆ ಕಾಣುತ್ತದೆ. ಒಂದು ಕಡೆ ನಾಲ್ಕು ಹನಿ ಬಿದ್ದಿರುತ್ತದೆ, ಪಕ್ಕದ ಒಂದು ಗೇಣು ಜಾಗ ಒಣಗಿಯೇ ಇರುತ್ತದೆ. ಐದು ನಿಮಿಷ ಜೋರಾಗಿ ಹೊಡೆದರೆ ಇಡೀ ಅಂಗಳ ಒಂದೇ ಸಮ ಒದ್ದೆ. ಕ್ಯಾಮರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೆಳಕು ಬೀಳುವುದೂ ಹಾಗೇ. ಬೆಳಕು ಹನಿ ಹನಿಯಾಗಿಯೇ ಬರುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬೀಳಬೇಕು ಅಂದರೆ, ಒಂದಕ್ಕೆ 90 ಬೀಳಬಹುದು, ಪಕ್ಕದ್ದಕ್ಕೆ 110. ಹೆಚ್ಚುಕಡಿಮೆ ನೂರಕ್ಕೆ ಹತ್ತರ ವ್ಯತ್ಯಾಸ. ಅದೇ 10,000 ಹನಿ ಬಿದ್ದರೆ ವ್ಯತ್ಯಾಸ ಬರೀ 100, ಅಂದರೆ ನೂರಕ್ಕೆ ಒಂದು. ನಿಮ್ಮ ಫೋಟೋದಲ್ಲಿ ಕಾಣುವ ಗ್ರೇನ್ಸ್ ಬಹುಪಾಲು ಇದೇ. ಕ್ಯಾಮರಾ ಕೆಟ್ಟದ್ದು ಅಂತಲ್ಲ, ಬೆಳಕೇ ಕಡಿಮೆ ಬಿದ್ದಿದೆ. ಐಎಸ್ಒ ಏರಿಸಿದರೆ ಬೆಳಕು ಹೆಚ್ಚಾಗುವುದಿಲ್ಲ, ಇದ್ದದ್ದನ್ನೇ ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೇ.

ಹಾಗಾದರೆ ಬೆಳಕು ಹೆಚ್ಚು ಬೀಳಿಸುವುದು ಹೇಗೆ? ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು. ಆದರೆ ಕುಣಿಯುವ ವೇಷ ನಿಲ್ಲುವುದಿಲ್ಲವಲ್ಲ. ಉಳಿದದ್ದು ಎರಡು ದಾರಿ, ಸೆನ್ಸರ್ ದೊಡ್ಡದು ಮಾಡುವುದು, ಲೆನ್ಸಿನ ಬಾಯಿ ದೊಡ್ಡದು ಮಾಡುವುದು. ಎರಡರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಿಮ್ಮ ಡಿ5600ರ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ಫುಲ್ ಫ್ರೇಮ್ ಅಂದರೆ 36 ಮತ್ತು 24. ಗುಣಿಸಿ ನೋಡಿದರೆ ಫುಲ್ ಫ್ರೇಮ್ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ದೊಡ್ಡದು. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಅನ್ನುತ್ತೇವೆ, ಆ ಲೆಕ್ಕದಲ್ಲಿ ಒಂದೂಕಾಲು ಸ್ಟಾಪ್ ಲಾಭ. ಈಗ ಲೆನ್ಸ್ ನೋಡಿ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ನಿಮ್ಮ 18-140 ಝೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಅದರ ಬದಲು ಎಫ್ 1.8 ಲೆನ್ಸ್ ಹಾಕಿದರೆ ಬರುವ ಬೆಳಕು ಸುಮಾರು ಒಂಬತ್ತೂವರೆ ಪಟ್ಟು. ಮೂರು ಸ್ಟಾಪಿಗಿಂತ ಜಾಸ್ತಿ.

ಇದನ್ನು ರಂಗಸ್ಥಳದ ಎದುರು ಕೂತು ನೋಡೋಣ. ನಮ್ಮ ಕಡೆ ಊರಿನ ಆಟಕ್ಕೆ ಎರಡು ಬದಿಗೆ ಎಲ್‌ಇಡಿ ಕಟ್ಟಿರುತ್ತಾರಲ್ಲ, ಅಂಥ ಬೆಳಕಲ್ಲಿ ಶಟರ್ 1/250 ಸೆಕೆಂಡ್ ಇಟ್ಟು ಎಫ್ 2.8ರಲ್ಲಿ ತೆಗೆದರೆ ಐಎಸ್ಒ ಹೆಚ್ಚುಕಡಿಮೆ 6,400ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಅದೇ ಜಾಗದಲ್ಲಿ ನಿಮ್ಮ ಕಿಟ್ ಲೆನ್ಸಿನ ಎಫ್ 5.6 ಆದರೆ 25,600. ಎಫ್ 1.8 ಆದರೆ 2,500ರ ಆಸುಪಾಸು. ಎಫ್ 1.4 ಆದರೆ 1,600. ಒಂದೇ ವೇಷ, ಒಂದೇ ದೀಪ, ಒಂದೇ ಕ್ಯಾಮರಾ. ಲೆನ್ಸ್ ಬದಲಾದರೆ 25,600ರಿಂದ 2,500ಕ್ಕೆ ಇಳಿಯಿತು. ಎರಡೂವರೆ ಲಕ್ಷ ಕೊಟ್ಟು ಫುಲ್ ಫ್ರೇಮ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮರಾ) ತಂದು ಅದಕ್ಕೊಂದು ಎಫ್ 6.3ರ ಅಗ್ಗದ ಝೂಮ್ ಹಾಕಿದರೆ, ನಿಮ್ಮ ಹಳೇ ಡಿ5600ಗೆ 85 ಎಂಎಂ ಎಫ್ 1.8 ಲೆನ್ಸ್ ಹಾಕಿ ಪಕ್ಕದಲ್ಲಿ ಕೂತವನ ಫೋಟೋವೇ ಚೆನ್ನಾಗಿ ಬರುತ್ತದೆ. ಇದು ಮಾತಿಗೆ ಹೇಳಿದ್ದಲ್ಲ, ಲೆಕ್ಕವೇ ಹಾಗಿದೆ.

ಈಗ ನೀವು ಕೇಳಿದ ಮೂರು ಬಾಡಿಗಳಿಗೆ ಬರೋಣ. ಸೋನಿ ಎ7 ಫೋರ್ 2021ರದ್ದು, 33 ಮೆಗಾಪಿಕ್ಸೆಲ್. ಕ್ಯಾನನ್ ಆರ್6 ಮಾರ್ಕ್ 2 ಬಂದದ್ದು 2022ರಲ್ಲಿ, 24 ಮೆಗಾಪಿಕ್ಸೆಲ್. ನಿಕಾನ್ ಝಡ್6 ತ್ರೀ 2024ರದ್ದು, 24.5. ಮೂರೂ ಫುಲ್ ಫ್ರೇಮ್. ಸೆನ್ಸರ್ ಅಳತೆ ಒಂದೇ, ಬೀಳುವ ಬೆಳಕೂ ಒಂದೇ. ಹಾಗಾಗಿ 6,400ರಲ್ಲೋ 12,800ರಲ್ಲೋ ಮೂರರಲ್ಲೂ ತೆಗೆದು, ಒಂದೇ ಅಳತೆಗೆ ಇಳಿಸಿ, ಆಲ್ಬಮ್ಮಿಗೆ ಪ್ರಿಂಟ್ ಹಾಕಿಸಿ ನಿಮ್ಮ ಎದುರಿಗೆ ಇಟ್ಟರೆ ಯಾವುದು ಯಾವ ಕ್ಯಾಮರಾದ್ದು ಅಂತ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿದರೆ 33 ಮೆಗಾಪಿಕ್ಸೆಲ್‌ನದ್ದು ಸ್ವಲ್ಪ ಜಾಸ್ತಿ ಒರಟಾಗಿ ಕಾಣಬಹುದು. ಅಲ್ಲಿ ನೀವು ಫೋಟೋವನ್ನೂ ಜಾಸ್ತಿ ದೊಡ್ಡದು ಮಾಡಿದ್ದೀರಿ, ಅದನ್ನು ಮರೆಯಬಾರದು.

ಝಡ್6 ತ್ರೀ ಬಗ್ಗೆ ಒಂದು ಮಾತು ಕೇಳಿರುತ್ತೀರಿ, ಅದರ ಡೈನಾಮಿಕ್ ರೇಂಜ್ (ಕಡು ನೆರಳು, ಕಡು ಬೆಳಕು ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ) ಹಿಂದಿನ ಝಡ್6 ಟೂಗಿಂತ ಕಡಿಮೆ ಅಂತ. ಅದು ನಿಜ. ಸೆನ್ಸರ್ ಬೇಗ ಓದಲಿ ಅಂತ ಮಾಡಿದ ಬದಲಾವಣೆಗೆ ಕೊಟ್ಟ ಬೆಲೆ ಅದು. ಆದರೆ ಆ ಕೊರತೆ ಕಾಣುವುದು ಐಎಸ್ಒ 100ರ ಹತ್ತಿರ, ಹಗಲು ಬೆಳಕಿನಲ್ಲಿ ನೆರಳನ್ನು ತುಂಬಾ ಎತ್ತಿದಾಗ. ರಾತ್ರಿಯ ಐಎಸ್ಒಗಳಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಕೆಲಸದವರು ಅದಕ್ಕೆ ಹೆದರಿ ಆ ಕ್ಯಾಮರಾ ಬಿಡಬೇಕಾಗಿಲ್ಲ.

ಎ7ಎಸ್ ತ್ರೀ ಬೇಡ. 2020ರಲ್ಲಿ ಬಂದದ್ದು, 12 ಮೆಗಾಪಿಕ್ಸೆಲ್. ವಿಡಿಯೋಗೆ ಅದ್ಭುತ ಕ್ಯಾಮರಾ, ರಾತ್ರಿ ವಿಡಿಯೋವನ್ನೇ ನಂಬಿಕೊಂಡವರು ಕಣ್ಣು ಮುಚ್ಚಿ ತಗೊಳ್ಳಬಹುದು. ಫೋಟೋಕ್ಕೆ ಮಾತ್ರ ಅದರ ಲಾಭ ಕಾಣಲು ಐಎಸ್ಒ 51,200 ದಾಟಬೇಕು. ನಿಮ್ಮ ಆಲ್ಬಮ್ ಕೆಲಸಕ್ಕೆ ಕ್ರಾಪ್ ಮಾಡಲು 12 ಮೆಗಾಪಿಕ್ಸೆಲ್ ಸಾಲದು.

ಇನ್ನು ಫೋಕಸ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿ ಹೊತ್ತಿಗೆ ಬೇಡರ ವೇಷ ಹೊರಡುತ್ತದೆ. ನೀವು ನೋಡಿರಬಹುದು. ಬೆನ್ನಿಗೆ ನವಿಲುಗರಿ ಕಟ್ಟಿ, ಮುಖಕ್ಕೆ ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು, ಜೊತೆಗೆ ತಮಟೆ. ವೇಷಧಾರಿ ಒಮ್ಮೆಲೇ ಜನರ ಮೇಲೆ ನುಗ್ಗಿ ಬರುತ್ತಾನೆ, ಹಗ್ಗ ಬಿಗಿಯಾಗಿ ಹಿಂದಕ್ಕೆ ಎಳೆಯುತ್ತದೆ, ಮತ್ತೆ ನುಗ್ಗುತ್ತಾನೆ. ಆ ನುಗ್ಗುವ ಒಂದು ಕ್ಷಣವೇ ಫೋಟೋ. ಒಂದು ವರ್ಷ ನಾನು ರಸ್ತೆಯಲ್ಲಿ ಮಂಡಿಯೂರಿ ಕೂತು ಕಾಯುತ್ತಿದ್ದೆ. ಕೈಯಲ್ಲಿ ಹಳೇ ಬಾಡಿ, ಎಫ್ 2.8 ಝೂಮ್. ವೇಷದ ಹಿಂದೆ ಒಂದು ಅಂಗಡಿಯ ಟ್ಯೂಬ್‌ಲೈಟ್ ಇತ್ತು, ಮುಖಕ್ಕೆ ಬೆಳಕೇ ಇಲ್ಲ. ನುಗ್ಗಿದ ಕೂಡಲೇ ಒತ್ತಿದೆ. ಮನೆಗೆ ಬಂದು ನೋಡಿದರೆ ಸಾಲಾಗಿ ಒಂಬತ್ತು ಫೋಟೋದಲ್ಲಿ ನವಿಲುಗರಿಯ ಒಂದೊಂದು ಎಳೆಯೂ ಎಣಿಸುವ ಹಾಗೆ ಸ್ಪಷ್ಟವಾಗಿದೆ, ಮುಖ ಮಾತ್ರ ಮಸುಕು. ಟ್ಯೂಬ್‌ಲೈಟಿನ ಬೆಳಕು ಗರಿಯ ಅಂಚಿಗೆ ಹೊಡೆದು ಮಿಂಚುತ್ತಿತ್ತು, ಕ್ಯಾಮರಾಕ್ಕೆ ಕಂಡದ್ದು ಅದೊಂದೇ. ಎರಡು ವರ್ಷ ಕಾದು ಸಿಗುವ ಕ್ಷಣ ಅದು. ಅವತ್ತಿನಿಂದ ನಾನು ಕ್ಯಾಮರಾ ನೋಡುವಾಗ ಮೊದಲು ಕೇಳುವುದು ಐಎಸ್ಒ ಅಲ್ಲ, ಫೋಕಸ್.

ಕಂಪನಿಗಳು ಇದಕ್ಕೊಂದು ಅಂಕಿ ಕೊಡುತ್ತವೆ. ಇವಿ ಅಂದರೆ ಬೆಳಕಿನ ಅಳತೆ, ಅಂಕಿ ಕೆಳಗೆ ಹೋದಷ್ಟೂ ಕತ್ತಲೆ. ಎ7 ಫೋರ್ ಮೈನಸ್ 4 ಇವಿ ತನಕ ಫೋಕಸ್ ಮಾಡುತ್ತದೆ, ಆರ್6 ಮಾರ್ಕ್ 2 ಮೈನಸ್ 6.5, ಝಡ್6 ತ್ರೀ ಮೈನಸ್ 10. ನಿಮ್ಮ ಡಿ5600ರದ್ದು ಮೈನಸ್ 1. ನೋಡಿದ ಕೂಡಲೇ ನಿಕಾನ್ ಗೆದ್ದಿತು ಅನಿಸುತ್ತದೆ ಅಲ್ವಾ? ಹಾಗೆ ನೇರ ಹೋಲಿಸಲು ಬರುವುದಿಲ್ಲ. ಸೋನಿಯವರು ಎಫ್ 2 ಲೆನ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಕ್ಯಾನನ್ ಮತ್ತು ನಿಕಾನ್ ಎಫ್ 1.2 ಲೆನ್ಸ್ ಲೆಕ್ಕದಲ್ಲಿ. ಅಲ್ಲಿಗೇ ಒಂದೂವರೆ ಸ್ಟಾಪ್ ವ್ಯತ್ಯಾಸ ಬರೀ ಲೆನ್ಸಿನದ್ದು. ಕ್ಯಾನನ್‌ಗೂ ಎಫ್ 2 ಹಾಕಿ ನೋಡಿದರೆ ಮೈನಸ್ 5ರ ಹತ್ತಿರ ಬಂತು. ಇನ್ನೊಂದು ವಿಷಯ, ಹುಣ್ಣಿಮೆ ಬೆಳದಿಂಗಳೇ ಸುಮಾರು ಮೈನಸ್ 2, ಮೈನಸ್ 3 ಇವಿ. ನಮ್ಮ ಆಟದ ರಂಗಸ್ಥಳ ಪ್ಲಸ್ 5ರ ಆಸುಪಾಸು. ಅಂದರೆ ಅಂಕಿ ಪ್ರಕಾರ ನಿಮ್ಮ ಡಿ5600 ಕೂಡ ಧಾರಾಳವಾಗಿ ಫೋಕಸ್ ಮಾಡಬೇಕು. ಆದರೂ ತಪ್ಪುತ್ತದೆ. ಯಾಕೆಂದರೆ ಆ ಅಂಕಿ ಅಲುಗಾಡದ, ಕಪ್ಪು ಬಿಳಿ ಗೆರೆ ಸ್ಪಷ್ಟವಾಗಿರುವ ವಸ್ತುವಿನದ್ದು. ಕಿರೀಟದ ನೆರಳಲ್ಲಿ ಮುಳುಗಿದ, ಬಣ್ಣ ಹಚ್ಚಿದ, ಅರೆಕ್ಷಣಕ್ಕೊಮ್ಮೆ ತಿರುಗುವ ಮುಖದ್ದಲ್ಲ.

ನಮ್ಮ ವೇಷಗಳಿಗೆ ಬೇರೆಯದೇ ಒಂದು ಸಮಸ್ಯೆ ಇದೆ. ಹೊಸ ಕ್ಯಾಮರಾಗಳಲ್ಲಿ ಮುಖ ಹುಡುಕಿ, ಕಣ್ಣು ಹುಡುಕಿ ತಾನೇ ಫೋಕಸ್ ಮಾಡುವ ವ್ಯವಸ್ಥೆ ಇದೆ. ಮದುವೆಯಲ್ಲಿ ಅದು ವರದಾನ. ಮೂರರಲ್ಲೂ ಚೆನ್ನಾಗಿದೆ, ಅದರಲ್ಲಿ ತಗಾದೆ ಇಲ್ಲ. ಸ್ತ್ರೀವೇಷಕ್ಕೂ ಸಲೀಸಾಗಿ ಹಿಡಿಯುತ್ತದೆ. ಬಣ್ಣದ ವೇಷ ಬಂತು ಅಂದರೆ ಕತೆ ಬೇರೆ. ಮುಖದ ಮೇಲೆ ಮುಖವೇ ಅಲ್ಲದ ಆಕಾರ ಬರೆದಿರುತ್ತಾರೆ, ಕಣ್ಣು ಎಲ್ಲಿ ಮುಗಿಯಿತು ಕಪ್ಪು ಎಲ್ಲಿ ಶುರುವಾಯಿತು ಅಂತ ಮನುಷ್ಯನಿಗೇ ಗೊತ್ತಾಗುವುದಿಲ್ಲ. ಕ್ಯಾಮರಾ ತಡಬಡಾಯಿಸುತ್ತದೆ. ಹಿಮ್ಮೇಳದಲ್ಲಿ ಕೂತ ಮದ್ದಳೆಗಾರರ ಮುಖ ಸ್ಪಷ್ಟ ಕಾಣುವುದರಿಂದ ಫೋಕಸ್ ಅಲ್ಲಿಗೆ ಹಾರಿ ಕೂರುತ್ತದೆ. ಅಂಥ ಹೊತ್ತಲ್ಲಿ ಆ ವ್ಯವಸ್ಥೆಯನ್ನು ಒಂದೇ ಬಟನ್ನಿನಲ್ಲಿ ಬಂದ್ ಮಾಡಿ ಒಂದೇ ಪಾಯಿಂಟಿಗೆ ಬರುವ ಹಾಗೆ ಮೊದಲೇ ಸೆಟ್ ಮಾಡಿಟ್ಟುಕೊಳ್ಳಿ.

ಆ ಒಂದು ಪಾಯಿಂಟನ್ನು ಎಲ್ಲಿಡಬೇಕು? ಕಣ್ಣಿನ ಮೇಲಲ್ಲ. ಹಣೆಯ ನಾಮದ ಮೇಲೆ ಇಡಿ. ಕಣ್ಣು ಕಾಡಿಗೆ ಮತ್ತು ಕಿರೀಟದ ನೆರಳಿನಲ್ಲಿ ಕಪ್ಪಾಗಿರುತ್ತದೆ. ನಾಮ ಬಿಳಿ, ಕೆಂಪು, ಅಂಚು ಸ್ಪಷ್ಟ, ಕಣ್ಣಿನಿಂದ ಎರಡು ಬೆರಳು ಮೇಲೆ, ದೂರ ಹೆಚ್ಚುಕಡಿಮೆ ಅಷ್ಟೇ. ಕ್ಯಾಮರಾಕ್ಕೆ ಹಿಡಿಯಲು ಒಂದು ಗೆರೆ ಬೇಕು, ಆ ಗೆರೆ ಕಲಾವಿದರೇ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಕೂತು ಬರೆದುಕೊಂಡು ಬಂದಿರುತ್ತಾರೆ. ಈ ಉಪಾಯ ನಿಮ್ಮ ಡಿ5600ರಲ್ಲೂ ಇವತ್ತೇ ಕೆಲಸ ಮಾಡುತ್ತದೆ. ಅದರಲ್ಲಿ 39 ಪಾಯಿಂಟ್ ಇದ್ದರೂ ಅಡ್ಡ ಮತ್ತು ಉದ್ದ ಎರಡೂ ಗೆರೆ ಹಿಡಿಯುವಂಥದ್ದು ನಡುವಿನ 9 ಮಾತ್ರ. ರಾತ್ರಿ ನಡುವಿನವನ್ನು ಬಿಟ್ಟು ಬೇರೆ ಬಳಸಲೇಬೇಡಿ. ಫೋಕಸ್‌ಗೆ ಸಹಾಯ ಮಾಡುವ ಆ ಪುಟ್ಟ ದೀಪ ಮುಂದೆ ಇದೆಯಲ್ಲ, ಅದನ್ನು ಮೆನುವಿನಲ್ಲಿ ಬಂದ್ ಮಾಡಿ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ. ಫ್ಲ್ಯಾಶ್ ಮಾತೇ ಬೇಡ. ಮಂಡಿ ಹಾಕಿ ತಿರುಗುವ ಕಲಾವಿದರ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ಒಂದು ಕ್ಷಣ ಅವರಿಗೆ ನೆಲ ಕಾಣುವುದಿಲ್ಲ, ಬಿದ್ದರೆ ಅವರ ಮಂಡಿ ಹೋಗುತ್ತದೆ. ದಯವಿಟ್ಟು ಇದನ್ನು ನಿಮ್ಮ ಜೊತೆ ಬರುವ ಹುಡುಗರಿಗೂ ಹೇಳಿ.

ಎಫ್ 1.8 ಲೆನ್ಸ್ ತಂದ ಮೇಲೆ ಫೋಕಸ್ ಇನ್ನೂ ಸೂಕ್ಷ್ಮ ಆಗುತ್ತದೆ, ಇದನ್ನೂ ತಿಳಿದಿರಿ. 85ರಲ್ಲಿ ಎಫ್ 1.8 ಇಟ್ಟು ಐದು ಮೀಟರ್ ದೂರದ ವೇಷ ತೆಗೆದರೆ ನಿಮ್ಮ ಕ್ಯಾಮರಾದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದು ಗೇಣು, ಅಷ್ಟೇ. ಹಾಗಾಗಿ ಒಡ್ಡೋಲಗದಲ್ಲಿ ಎರಡು ಮೂರು ವೇಷ ಹಿಂದೆ ಮುಂದೆ ನಿಂತಾಗ 2.8ಕ್ಕೆ ಇಳಿಸಿ. ಐಎಸ್ಒ ಏರಿದರೆ ಏರಲಿ.

ಐಎಸ್ಒ ಹೆದರಿಕೆ ನಮ್ಮ ಕಡೆ ಫೋಟೋಗ್ರಾಫರುಗಳಲ್ಲಿ ಜಾಸ್ತಿ. 1,600 ದಾಟಬಾರದು ಅಂತ ಯಾರೋ ಹೇಳಿರುತ್ತಾರೆ, ಶಟರ್ 1/60ಕ್ಕೆ ಇಳಿಸುತ್ತಾರೆ, ಗೆಜ್ಜೆಕಾಲು ಪೂರ್ತಿ ಕಲಸಿಹೋಗುತ್ತದೆ. ಇಲ್ಲವೇ ಫೋಟೋವನ್ನು ಕತ್ತಲೆಯಾಗಿಯೇ ತೆಗೆದು ಮನೆಯಲ್ಲಿ ಬೆಳಗಿಸುತ್ತಾರೆ. ಆಗ ಗ್ರೇನ್ಸ್ ಕಡಿಮೆ ಆಗುವುದಿಲ್ಲ, ಬಹಳ ಸಲ ಜಾಸ್ತಿಯೇ ಆಗುತ್ತದೆ. ಮುಖಕ್ಕೆ ಸರಿಯಾದ ಬೆಳಕು ಸಿಗುವಷ್ಟು ಐಎಸ್ಒ ಏರಿಸಿ, ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಉಳಿಯುವ ರಾ ಫೈಲಿನಲ್ಲಿ ತೆಗೆಯಿರಿ. ಲೈಟ್‌ರೂಮಿನಲ್ಲಿ 2023ರ ಏಪ್ರಿಲ್‌ನಿಂದ ಗ್ರೇನ್ಸ್ ತೆಗೆಯುವ ಎಐ ಡಿನಾಯ್ಸ್ ಬಂದಿದೆ. ನಾನು ಅದನ್ನು 30, 40ರ ಮೇಲೆ ಇಡುವುದಿಲ್ಲ. ಜಾಸ್ತಿ ಎಳೆದರೆ ಮುಖದ ಬಣ್ಣದ ಗೆರೆಗಳು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತವೆ, ಗರಿಯಲ್ಲಿ ಇಲ್ಲದ ಎಳೆ ಹುಟ್ಟಿಕೊಳ್ಳುತ್ತವೆ. ಅಷ್ಟಕ್ಕೇ ಬಿಟ್ಟರೆ ನಿಮ್ಮ ಡಿ5600ರ 6,400 ಕೂಡ ಆಲ್ಬಮ್ಮಿಗೆ ನಡೆಯುತ್ತದೆ. ಜೆಪೆಗ್‌ನಲ್ಲಿ ತೆಗೆದಿದ್ದರೆ ಈ ಲಾಭ ಕೈತಪ್ಪಿತು.

ಇನ್ನು ದೀಪಗಳ ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/250ರಲ್ಲಿ ತೆಗೆದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು, ಅದರ ಮುಂದಿನದು ಅರ್ಧ ಕತ್ತಲೆ. ಶಟರ್ 1/100 ಇಟ್ಟರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ, ಫೋಟೋಗಳು ಒಂದೇ ಸಮ ಬರುತ್ತವೆ. ಭಾಗವತರು, ಧಾರೆಯ ಹೊತ್ತು, ಆರತಿ, ಇಂಥದ್ದಕ್ಕೆ ಅಷ್ಟು ಸಾಕು. ಕುಣಿತಕ್ಕೆ ಸಾಲದು. ಅಲ್ಲಿ ಹೊಸ ಬಾಡಿಗಳ ಆಂಟಿ ಫ್ಲಿಕರ್ ಕೆಲಸಕ್ಕೆ ಬರುತ್ತದೆ. ದೀಪ ಜಾಸ್ತಿ ಉರಿಯುವ ಕ್ಷಣ ಕಾದು ಶಟರ್ ಬಿಡುತ್ತದೆ. ನೀವು ಹೇಳಿದ ಮೂರರಲ್ಲೂ ಇದೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಗ್ಗೆ ಮಾತ್ರ ಹುಷಾರು. ಗರ್ಭಗುಡಿ ಎದುರು, ಮಾಂಗಲ್ಯಧಾರಣೆ ಹೊತ್ತಿಗೆ ಸದ್ದು ಬೇಡ ಅಂತ ಅದನ್ನು ಹಾಕುತ್ತೇವೆ. ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ಎಲ್‌ಇಡಿ ಮಿನುಗು ಫೋಟೋ ತುಂಬಾ ಅಡ್ಡಪಟ್ಟಿಯಾಗಿ ಬೀಳುತ್ತದೆ. ಓದುವುದು ನಿಧಾನ ಆದಷ್ಟೂ ಪಟ್ಟಿ ಜಾಸ್ತಿ. ಇಲ್ಲಿ ಮೂರರ ನಡುವೆ ನಿಜವಾದ ವ್ಯತ್ಯಾಸ ಇದೆ. ಎ7 ಫೋರ್ ನಿಧಾನ, ಆರ್6 ಮಾರ್ಕ್ 2 ಮತ್ತು ಝಡ್6 ತ್ರೀ ಅದಕ್ಕಿಂತ ಎಷ್ಟೋ ಬೇಗ. ಆದರೆ ಮೂರರಲ್ಲೂ ನನ್ನ ಸಲಹೆ ಒಂದೇ, ಎಲ್‌ಇಡಿ ಇದ್ದಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿ. ಚಂಡೆ ಸದ್ದಿನಲ್ಲಿ ನಿಮ್ಮ ಶಟರ್ ಯಾರಿಗೂ ಕೇಳುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಯಕ್ಷಗಾನದ ಬಣ್ಣ ದೊಂದಿ ಬೆಳಕಿಗೆ ಹುಟ್ಟಿದ್ದು. ಆ ಮಂದ ಹಳದಿ ಬೆಳಕಲ್ಲಿ ಎದ್ದು ಕಾಣಲಿ ಅಂತಲೇ ಅಷ್ಟು ಕಡು ಕೆಂಪು, ಕಪ್ಪು, ಬೇಗಡೆಯ ಮಿಂಚು. ಈಗ ಮೇಲಿನಿಂದ ಬಿಳಿ ಎಲ್‌ಇಡಿ ಸುರಿಯುತ್ತದೆ, ನಡುವೆ ಯಾರೋ ಕೆಂಪು ಲೈಟ್ ಹಾಕುತ್ತಾರೆ. ಕೆಂಪು ಲೈಟ್ ಬಿದ್ದಾಗ ಕ್ಯಾಮರಾದ ಮಾಮೂಲಿ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಇದೆ ಅಂತಲೇ ತೋರಿಸುತ್ತದೆ, ಆದರೆ ಕೆಂಪು ಚಾನೆಲ್ ಉಕ್ಕಿ ಹೋಗಿರುತ್ತದೆ. ಮುಖದ ಬಣ್ಣಗಾರಿಕೆ ಎಲ್ಲಾ ಒಂದು ಕೆಂಪು ಮುದ್ದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿಟ್ಟುಕೊಳ್ಳಿ, ಕೆಂಪು ಬಲಗೋಡೆಗೆ ಹೊಡೆದರೆ ಒಂದು ಸ್ಟಾಪ್ ಇಳಿಸಿ. ಬೇಗಡೆ ಬೆಳ್ಳಗಾದರೆ ಚಿಂತೆ ಬೇಡ, ಅದು ಮಿಂಚಲಿಕ್ಕೇ ಇರುವುದು. ಮುಖ ಉಳಿಯಬೇಕು.

ಕೈ ನಡುಗದಂತೆ ತಡೆಯುವ ಸ್ಟೆಬಿಲೈಸೇಶನ್ ಬಗ್ಗೆ ಅಂಗಡಿಯವರು ಜೋರಾಗಿ ಹೇಳುತ್ತಾರೆ, 8 ಸ್ಟಾಪ್ ಅಂತೆಲ್ಲ. ದೀಪೋತ್ಸವಕ್ಕೆ, ನಿಂತ ರಥಕ್ಕೆ, ಖಾಲಿ ಬೀದಿಗೆ ಒಳ್ಳೆಯದು. ಕುಣಿಯುವ ಮನುಷ್ಯನಿಗೆ ಅದರಿಂದ ಏನೂ ಉಪಯೋಗ ಇಲ್ಲ.

ವ್ಯೂಫೈಂಡರ್ ಮಾತ್ರ ನಿಜವಾದ ಲಾಭ. ನಿಮ್ಮ ಡಿಎಸ್‌ಎಲ್‌ಆರ್‌ನಲ್ಲಿ ಕತ್ತಲೆ ಕತ್ತಲೆಯಾಗಿಯೇ ಕಾಣುತ್ತದೆ. ನೀವು ಕೇಳಿದ ಮೂರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್, ಅವುಗಳಲ್ಲಿ ಫೋಟೋ ಹೇಗೆ ಬರುತ್ತದೋ ಹಾಗೆಯೇ ಒತ್ತುವ ಮೊದಲೇ ಕಾಣುತ್ತದೆ. ಝಡ್6 ತ್ರೀಯ ವ್ಯೂಫೈಂಡರ್ 5.76 ಮಿಲಿಯನ್ ಡಾಟ್, ಉಳಿದೆರಡು 3.7 ಮಿಲಿಯನ್ ಹತ್ತಿರ. ರಾತ್ರಿಯಿಡೀ ಕಣ್ಣಿಟ್ಟು ಕೂರುವವರಿಗೆ ಆ ವ್ಯತ್ಯಾಸ ಬೆಳಗಿನ ಜಾವ ಗೊತ್ತಾಗುತ್ತದೆ. ಹಿಂದಿನ ಸ್ಕ್ರೀನ್ ಆಫ್ ಮಾಡಿಡಿ, ಹಿಂದೆ ಚಾಪೆ ಹಾಸಿ ಕೂತವರ ಮುಖಕ್ಕೆ ಬೆಳಕು ಬೀಳುತ್ತದೆ.

ಈಗ ತೀರ್ಮಾನ. ಮೂರರಲ್ಲಿ ಯಾವುದೇ ಹೊಸತು ತಗೊಂಡರೂ ಬಾಡಿ ಒಂದಕ್ಕೇ ನಿಮ್ಮ ದುಡ್ಡಿನ ಬಹುಪಾಲು ಹೋಗಿಬಿಡುತ್ತದೆ, ಲೆನ್ಸಿಗೆ ಉಳಿಯುವುದು ಚೂರುಪಾರು. ಅದೇ ದೊಡ್ಡ ತಪ್ಪು. ಹಾಗಾಗಿ ಎರಡು ಹೆಜ್ಜೆಯಲ್ಲಿ ಹೋಗಿ. ಮೊದಲು ನಿಕಾನ್ 85 ಎಫ್ 1.8 ಜಿ ತಗೊಳ್ಳಿ. ಎಎಫ್-ಎಸ್ ಅಂತ ಬರೆದದ್ದೇ ಆಗಬೇಕು. ಹಳೇ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಡಿ5600 ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ, ಕೈಯಲ್ಲೇ ತಿರುಗಿಸಬೇಕಾಗುತ್ತದೆ. ನಿಮ್ಮ ಕ್ಯಾಮರಾದಲ್ಲಿ 85 ಅಂದರೆ ಫುಲ್ ಫ್ರೇಮಿನ 127ರಷ್ಟು ಹತ್ತಿರ ತೋರಿಸುತ್ತದೆ, ಮುಂದಿನ ಸಾಲಿನಲ್ಲಿ ಕೂತರೆ ಒಂದು ವೇಷಕ್ಕೆ ಹೇಳಿ ಮಾಡಿಸಿದಂತಿದೆ. ಚಪ್ಪರದೊಳಗೆ ಇಕ್ಕಟ್ಟು ಆದರೆ 50 ಎಫ್ 1.8 ಜಿ, ಅದರ ಬೆಲೆಯೂ ಕಡಿಮೆ. ಒಂದು ಸೀಸನ್ ಇದರಲ್ಲೇ ತೆಗೆಯಿರಿ. ಅಷ್ಟರಲ್ಲಿ ಇನ್ನಷ್ಟು ದುಡ್ಡು ಸೇರುತ್ತದೆ. ಆಮೇಲೆ ಝಡ್6 ತ್ರೀ ತಗೊಳ್ಳಿ. ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಇದೇ 85 ಅದರಲ್ಲೂ ಆಟೋಫೋಕಸ್ ಆಗುತ್ತದೆ, ಕೊಟ್ಟ ದುಡ್ಡು ವ್ಯರ್ಥ ಆಗುವುದಿಲ್ಲ.

ನನ್ನ ಕೈಯಲ್ಲಿರುವುದು ಕ್ಯಾನನ್ ಆರ್6 ಮಾರ್ಕ್ 2. ಫೋಕಸ್ ನೆಚ್ಚಿ ನಾನು ಅದನ್ನು ಆರಿಸಿದ್ದು, ಇವತ್ತಿಗೂ ಬೇಸರ ಇಲ್ಲ. ಆದರೂ ನಿಮಗೆ ಅದನ್ನು ಹೇಳುತ್ತಿಲ್ಲ. ಕ್ಯಾನನ್ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಬೇರೆ ಕಂಪನಿಗಳ ಆಟೋಫೋಕಸ್ ಲೆನ್ಸ್ ತುಂಬಾ ಕಡಿಮೆ, ಅವರದೇ ಎಫ್ 2.8 ಝೂಮ್‌ಗಳು ದುಬಾರಿ. ನಾನು ಹಳೇ ಕ್ಯಾನನ್ ಲೆನ್ಸುಗಳ ಮೇಲೆ ನಿಂತಿದ್ದೆ, ನೀವು ಹಾಗಿಲ್ಲ. ಲೆನ್ಸಿನ ಆಯ್ಕೆಯಲ್ಲಿ ಸೋನಿಯೇ ಮುಂದೆ, ಸಿಗ್ಮಾ, ಟ್ಯಾಮ್ರಾನ್ ಎಲ್ಲಾ ಸಿಗುತ್ತವೆ. ವಿಡಿಯೋ ಕೆಲಸ ಜಾಸ್ತಿ ಇದ್ದು, ನಿಕಾನ್ ಬಿಡಲು ಮನಸ್ಸಿದ್ದರೆ ಎ7 ಫೋರ್ ಜೊತೆ ಟ್ಯಾಮ್ರಾನ್ 28-75 ಎಫ್ 2.8 ಒಳ್ಳೆಯ ಜೋಡಿ. ದುಡ್ಡು ಉಳಿಯುತ್ತದೆ ಅಂತ ಕ್ಯಾನನ್ ಆರ್8 ಕಡೆ ಹೋಗಬೇಡಿ. ಸೆನ್ಸರ್ ಆರ್6 ಮಾರ್ಕ್ 2ರದ್ದೇ, ರಾತ್ರಿ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಕಾರ್ಡ್ ಹಾಕುವ ಜಾಗ ಒಂದೇ. ಬೇರೆಯವರ ಮದುವೆಯನ್ನು ಒಂದೇ ಕಾರ್ಡಿನ ಮೇಲೆ ನಂಬಿ ಬಿಡಬಾರದು.

ಬಾಡಿ ತಗೊಳ್ಳುವ ಮೊದಲು ಎರಡು ರಾತ್ರಿಗೆ ಬಾಡಿಗೆಗೆ ತಂದು ನೋಡಿ. ಅದು ಆಗದಿದ್ದರೆ ನಿಮ್ಮದೇ ಕಾರ್ಡ್ ಹಿಡಿದುಕೊಂಡು ಅಂಗಡಿಗೆ ಹೋಗಿ, ಅರ್ಧ ಲೈಟ್ ಆರಿಸಲು ಹೇಳಿ, ಜೊತೆಗೆ ಬಂದವರನ್ನು ಬಾಗಿಲ ಬೆಳಕಿಗೆ ಬೆನ್ನು ಹಾಕಿ ನಿಮ್ಮ ಕಡೆ ಬೇಗ ನಡೆದುಬರಲು ಹೇಳಿ. ಸಾಲಾಗಿ ಇಪ್ಪತ್ತು ಕ್ಲಿಕ್ ಮಾಡಿ. ಮನೆಯಲ್ಲಿ ಕೂತು ಎಷ್ಟರಲ್ಲಿ ಮುಖ ಸ್ಪಷ್ಟ ಇದೆ ಅಂತ ಎಣಿಸಿ. ಮೂರು ಕ್ಯಾಮರಾದಲ್ಲೂ ಹಾಗೇ ಮಾಡಿ. ಯಾವ ವಿಡಿಯೋ ರಿವ್ಯೂಗಿಂತಲೂ ಆ ಎಣಿಕೆ ನಂಬಿ.

ಕೊನೆಗೆ ನಮ್ಮ ಕರಾವಳಿಯ ವಿಷಯ. ಎಫ್ 1.8 ಲೆನ್ಸಿನ ಗಾಜಿಗೆ ಫಂಗಸ್ ಹಿಡಿದರೆ ಹಗಲು ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ, ರಾತ್ರಿ ಪ್ರತಿ ಬಲ್ಬಿನ ಸುತ್ತ ಮಂಜು ಕಟ್ಟಿದಂತೆ ಕಾಣುತ್ತದೆ. ಒಮ್ಮೆ ತದಡಿ ಬಂದರಿನಲ್ಲಿ ಬೆಳಗಿನ ಜಾವ ದೋಣಿಗಳ ಫೋಟೋ ತೆಗೆಯುವಾಗ ಎಲ್ಲಾ ದೀಪಕ್ಕೂ ಪ್ರಭೆ ಬರತೊಡಗಿತು. ಲೆನ್ಸ್ ಹೋಯಿತು ಅಂತ ಎದೆ ಒಡೆದುಹೋಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಗಾಜಿನ ಮೇಲೆ ಉಪ್ಪುಗಾಳಿಯ ತೆಳು ಪದರ. ಊದಿ, ಒದ್ದೆ ಮಾಡಿದ ಲೆನ್ಸ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ ಮೇಲೆ ಸರಿಯಾಯಿತು. ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗಾಜಿಗೆ ಗೀರು ಹಾಕುತ್ತದೆ. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲಿ ಇಡಬೇಡಿ. ತೇವ ನೂರಕ್ಕೆ 40ರಿಂದ 50ರೊಳಗೆ ಇರುವ ಡ್ರೈ ಕ್ಯಾಬಿನೆಟ್ ತಗೊಳ್ಳಿ, ಆಗದಿದ್ದರೆ ಗಟ್ಟಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿಡಿ, ಬಣ್ಣ ತಿರುಗಿದ ಕೂಡಲೇ ಬಿಸಿ ಮಾಡಿ ಮತ್ತೆ ಬಳಸಿ.

ನವೆಂಬರ್‌ನಲ್ಲಿ ಮೇಳಗಳ ತಿರುಗಾಟ ಶುರುವಾದ ಮೇಲೆ ನಿಮ್ಮೂರ ಹತ್ತಿರದ ಮೊದಲ ಆಟಕ್ಕೆ ಡಿ5600 ಮತ್ತು 85 ಮಾತ್ರ ಹಿಡಿದು ಹೋಗಿ. ಶಟರ್ 1/250, ಎಫ್ 2, ಐಎಸ್ಒ ಎಷ್ಟು ಬೇಕೋ ಅಷ್ಟು, ಪಾಯಿಂಟ್ ನಾಮದ ಮೇಲೆ. ಚೌಕಿಗೆ ಹೋಗಿ ಮೊದಲೇ ಅನುಮತಿ ಕೇಳಿಕೊಳ್ಳಿ. ಮಾರನೇ ದಿನ ಎರಡು ರಾ ಫೈಲ್ ನನಗೆ ಕಳಿಸಿ, ಬಾಡಿ ಈಗಲೇ ಬೇಕಾ ಅಂತ ಆಗ ಮಾತಾಡೋಣ.